ವಾದ್ಯ ಕಲಿಸದ ಸಂಗೀತದ ಟೀಚರ್: ಜಮೈಕಾದ ಸಿಸ್ಟರ್ ಇಗ್ನೇಷಿಯಸ್ ಬಗ್ಗೆ ಮಾತಾಡೋಣ

ಟರ್ನ್‌ಟೇಬಲ್ ತಮ್ಮಯ್ಯ

ಜಮೈಕಾದ ರೆಗ್ಗೆ ಸಂಗೀತ ಅಂದರೆ ನಮ್ಮಲ್ಲಿ ಬಾಬ್ ಮಾರ್ಲಿ, ಅಲ್ಲಿಗೆ ಮುಗೀತು. ಮಾರ್ಲಿ ಇನ್ನೂ ಹುಡುಗನಾಗಿದ್ದಾಗ ಅವನ ಗುಂಪಿನ ಮೊದಲ ದೊಡ್ಡ ಹಾಡಿಗೆ ಹಿಂದೆ ನಿಂತು ಊದಿದವರು ಯಾರು, ಅವರಿಗೆ ಊದೋಕೆ ಕಲಿಸಿದ್ದು ಎಲ್ಲಿ ಅಂತ ಕೇಳ್ತಾ ಹೋದರೆ ಕಿಂಗ್‌ಸ್ಟನ್ ನಗರದ ಸೌತ್ ಕ್ಯಾಂಪ್ ರೋಡಿನ ಒಂದು ಅನಾಥಾಲಯದ ಗೇಟಿಗೆ ಬಂದು ನಿಲ್ತೀವಿ. ಆಲ್ಫಾ ಬಾಯ್ಸ್ ಸ್ಕೂಲ್. ಅಲ್ಲಿ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಹುಡುಗರ ಜೊತೆ ಬದುಕಿದ ಒಬ್ಬ ಕ್ಯಾಥೊಲಿಕ್ ಸಿಸ್ಟರ್ ಬಗ್ಗೆ ಈ ಚರ್ಚೆ ತೆರೆದಿದ್ದೀನಿ.

ಹೆಸರು ಮೇರಿ ಇಗ್ನೇಷಿಯಸ್ ಡೇವಿಸ್. ಹುಡುಗರ ಬಾಯಲ್ಲಿ ಸಿಸ್ಟರ್ ಇಗ್ಗಿ. ಹುಟ್ಟಿದ್ದು 1921ರಲ್ಲಿ, ಸೇಂಟ್ ಕ್ಯಾಥರಿನ್ ಪ್ಯಾರಿಷ್‌ನ ಇನ್ಸ್‌ವುಡ್ ಎಂಬ ಕಬ್ಬಿನ ಸೀಮೆಯಲ್ಲಿ. ಚಿಕ್ಕವಳಿದ್ದಾಗಲೇ ಮನೆಯವರು ಕಿಂಗ್‌ಸ್ಟನ್‌ಗೆ ಬಂದರು. ಓದಿದ್ದು ಆಲ್ಫಾ ಅಕಾಡೆಮಿಯಲ್ಲಿ, ಅಂದರೆ ಈ ಹುಡುಗರ ಶಾಲೆ ನಡೆಸುತ್ತಿದ್ದ ಸಿಸ್ಟರ್ಸ್ ಆಫ್ ಮರ್ಸಿ ಎಂಬ ಕ್ಯಾಥೊಲಿಕ್ ಸಿಸ್ಟರುಗಳ ಪಂಗಡವೇ ನಡೆಸುತ್ತಿದ್ದ ಹೆಣ್ಣುಮಕ್ಕಳ ಶಾಲೆ. ಓದು ಮುಗಿಸಿ ತಾವೂ ಆ ಪಂಗಡಕ್ಕೇ ಸೇರಿದರು. 1939ರಲ್ಲಿ ಹುಡುಗರ ಶಾಲೆಯ ಕೆಲಸಕ್ಕೆ ಬಂದರು, ಇನ್ನೂ ಹದಿನೆಂಟು ತುಂಬಿರಲಿಲ್ಲ. 2003ರ ಫೆಬ್ರವರಿಯಲ್ಲಿ ತೀರಿಕೊಂಡರು. ನಡುವೆ ಬೇರೆ ಊರಿಗೆ ವರ್ಗ, ಬಡ್ತಿ, ವಿದೇಶ ಪ್ರವಾಸದ ಕಥೆ ಹುಡುಕಬೇಡಿ. ಇಡೀ ವೃತ್ತಿಜೀವನ ಒಂದೇ ಕಾಂಪೌಂಡಿನ ಒಳಗೆ ನಡೆದದ್ದು.

ಆ ಕಾಂಪೌಂಡಿನಿಂದ ಹೊರಬಂದವರನ್ನು ನೋಡಿ. 1964ರಲ್ಲಿ ಸ್ಕಟಲೈಟ್ಸ್ ಎಂಬ ತಂಡ ಶುರುವಾಯಿತು, ರೆಗ್ಗೆಗೂ ಮೊದಲು ಬಂದ ಸ್ಕಾ ಸಂಗೀತಕ್ಕೆ ರೂಪ ಕೊಟ್ಟ ತಂಡ. ಅದರ ಸ್ಥಾಪಕರಲ್ಲಿ ನಾಲ್ವರು ಆಲ್ಫಾ ಹುಡುಗರು: ಟೆನರ್ ಸ್ಯಾಕ್ಸ್‌ನ ಟಾಮಿ ಮೆಕುಕ್, ಟ್ರಂಬೋನಿನ ಡಾನ್ ಡ್ರಮಂಡ್, ಟ್ರಂಪೆಟ್‌ನ ಜಾನಿ 'ಡಿಜ್ಜಿ' ಮೂರ್, ಆಲ್ಟೊ ಸ್ಯಾಕ್ಸ್‌ನ ಲೆಸ್ಟರ್ ಸ್ಟರ್ಲಿಂಗ್. ರಿಕೊ ರೊಡ್ರಿಗಸ್, ಸೆಡ್ರಿಕ್ 'ಇಮ್' ಬ್ರೂಕ್ಸ್, ವಿನ್ ಗಾರ್ಡನ್, ಬಾಬಿ ಎಲ್ಲಿಸ್, ಹೆಡ್ಲಿ ಬೆನೆಟ್ ಅದೇ ಶಾಲೆಯವರು. ಲಂಡನ್ನಿನ ಜಾಝ್ ಲೋಕಕ್ಕೆ ಹೋದ ಜೋ ಹ್ಯಾರಿಯಟ್, ಹೆರಾಲ್ಡ್ ಮೆಕ್ನೇರ್, ಡಿಜ್ಜಿ ರೀಸ್ ಕೂಡ. 1969ರಲ್ಲಿ ಬ್ರಿಟನ್ನಿನಲ್ಲಿ ನಂಬರ್ ಒನ್ ಆದ 'ಇಸ್ರೇಲೈಟ್ಸ್' ಹಾಡಿದ ಡೆಸ್ಮಂಡ್ ಡೆಕರ್ ಬಾಲ್ಯದಲ್ಲಿ ಕೆಲಕಾಲ ಇಲ್ಲಿದ್ದವನೇ. ಅಷ್ಟು ಚಿಕ್ಕ ದೇಶದ ಒಂದು ಅನಾಥಾಲಯದ ಪಟ್ಟಿ ಇದು.

ಈಗ ನನ್ನ ತಕರಾರು, ಅಥವಾ ಪ್ರಶ್ನೆ ಅನ್ನಿ. ಈ ಸಿಸ್ಟರ್ ಬ್ಯಾಂಡ್‌ಮಾಸ್ಟರ್ ಆಗಿರಲಿಲ್ಲ. ಟ್ರಂಬೋನ್ ಹಿಡಿದು ಪಾಠ ಮಾಡಿದವರು ಬೇರೆ. ಇವರು ಮಾಡಿದ್ದು ರೆಕಾರ್ಡ್ ಕೂಡಿಟ್ಟದ್ದು, ಹಾಕಿ ಕೇಳಿಸಿದ್ದು, ಯಾವ ಹುಡುಗ ಯಾವುದಕ್ಕೆ ಆಗ್ತಾನೆ ಅಂತ ಗಮನಿಸಿದ್ದು, ಶಾಲೆ ಬಿಟ್ಟ ಮೇಲೂ ಅವನ ಸಂಗೀತ ಎಲ್ಲಿಗೆ ಬಂತು ಅಂತ ವಿಚಾರಿಸಿದ್ದು. ಇಂಥವರನ್ನು ಸಂಗೀತದ ಗುರು ಅನ್ನಬಹುದಾ? ಅನ್ನಬಹುದು ಅನ್ನೋದು ನನ್ನ ಮಾತು. ಜಗಳಕ್ಕೆ ಬನ್ನಿ.

ಅನುಮಾನಿ

ಬಂದೆ. ಮೊದಲು ಇಸವಿ ಇಟ್ಟು ಲೆಕ್ಕ ಮಾಡಿ. ಮೆಕುಕ್ ಹುಟ್ಟಿದ್ದು 1927ರಲ್ಲಿ, ಹವಾನಾದಲ್ಲಿ. 1940ರ ದಶಕದ ಮೊದಲ ಭಾಗದಲ್ಲೇ ಆಲ್ಫಾ ಬಿಟ್ಟು ಎರಿಕ್ ಡೀನ್ಸ್ ಆರ್ಕೆಸ್ಟ್ರಾ ಸೇರಿದ. ಆಗ ನಿಮ್ಮ ಸಿಸ್ಟರ್‌ಗೆ ಇಪ್ಪತ್ತರ ಆಸುಪಾಸು. ಹ್ಯಾರಿಯಟ್ 1928ರವನು. ಅವನ ವಿಷಯದಲ್ಲೂ ಅದೇ ಲೆಕ್ಕ. ಹೊಸದಾಗಿ ಬಂದ ಒಬ್ಬ ಎಳೆ ಸಿಸ್ಟರ್ ಇವರನ್ನೆಲ್ಲ ತಯಾರು ಮಾಡಿದರು ಅನ್ನೋದು ಆಮೇಲೆ ಕಟ್ಟಿದ ಕಥೆ. ಆ ಬ್ಯಾಂಡು ಅವರು ಹುಟ್ಟೋಕೂ ಮೊದಲೇ ಇತ್ತು. 1890ರ ದಶಕದ ಆರಂಭದಲ್ಲಿ ಕೊಳಲು ಮತ್ತು ಡ್ರಮ್ಮಿನ ತಂಡವಾಗಿ ಶುರು, 1908ರಲ್ಲಿ ಜಮೈಕಾದ ಬಿಷಪ್ ಹಿತ್ತಾಳೆ ವಾದ್ಯಗಳನ್ನು ಕೊಡಿಸಿದ ಮೇಲೆ ಪೂರ್ತಿ ಬ್ಯಾಂಡ್. ಕೀರ್ತಿ ಹಂಚೋದಾದರೆ ರೂಬೆನ್ ಡೆಲ್ಗಾಡೊನಿಂದ ಶುರು ಮಾಡಿ. ಆ ಕಾಲದ ಬ್ಯಾಂಡ್‌ಮಾಸ್ಟರ್ ಅವನು. ಬೆಳಿಗ್ಗೆ ಎದ್ದು ತುಟಿ ಊದಿಸಿ ಸ್ಕೇಲ್ ನುಡಿಸಿದ್ದು ಅವನು, ಹೆಸರು ಮಾತ್ರ ಬಿಳಿ ಉಡುಪಿನವರಿಗೆ.

ಮೇಷ್ಟ್ರು, ನಿವೃತ್ತ

ಅನುಮಾನಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧ ಮುಖ್ಯವಾದದ್ದು. ಶಾಲೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಇದ್ದವನಾಗಿ ಹೇಳುತ್ತೇನೆ, ಹಾರ ಹಾಕಿಸಿಕೊಳ್ಳುವವರು ಮತ್ತು ಬೆವರು ಸುರಿಸುವವರು ಬೇರೆ ಬೇರೆಯಾಗಿರುವುದು ಎಲ್ಲ ಸ್ಟಾಫ್ ರೂಮುಗಳ ಕಥೆ.

ಆದ್ದರಿಂದ ಲೆನ್ನಿ ಹಿಬರ್ಟ್ ಬಗ್ಗೆ ಎರಡು ಮಾತು. ಆತ 1928ರಲ್ಲಿ ಹುಟ್ಟಿದವರು, ಆಲ್ಫಾದಲ್ಲೇ ಬೆಳೆದ ಹುಡುಗ. ಅಲ್ಲಿಂದ ಮಿಲಿಟರಿ ಬ್ಯಾಂಡಿಗೆ ಹೋದರು, ಆಮೇಲೆ 1950ರ ದಶಕದ ನಡುವಿನಲ್ಲಿ ಅದೇ ಶಾಲೆಗೆ ಬ್ಯಾಂಡ್‌ಮಾಸ್ಟರ್ ಆಗಿ ಮರಳಿದರು. ಒಂದು ತಲೆಮಾರಿನ ಹುಡುಗರು ಅವರ ಕೈಕೆಳಗೆ ಕಲಿತರು. ಇದರ ಜೊತೆಗೆ ಅವರು ವೈಬ್ರಫೋನ್ ವಾದಕ. ಲೋಹದ ಪಟ್ಟಿಗಳನ್ನು ಕೋಲಿನಿಂದ ಮೆಲ್ಲಗೆ ಹೊಡೆದು ನುಡಿಸುವ ವಾದ್ಯ, ಪ್ರತಿ ಸ್ವರ ಸ್ವಲ್ಪ ನಡುಗುತ್ತಾ ಉಳಿಯುತ್ತದೆ. ಸ್ಟುಡಿಯೊ ಒನ್ ಕಂಪನಿಗೆ ಎರಡು ಆಲ್ಬಂ ಮಾಡಿದರು, 1969ರಲ್ಲಿ 'ಕ್ರಿಯೇಷನ್', 1971ರಲ್ಲಿ 'ಮೋರ್ ಕ್ರಿಯೇಷನ್'. 1976ರಲ್ಲಿ ಸರ್ಕಾರ ಆರ್ಡರ್ ಆಫ್ ಡಿಸ್ಟಿಂಕ್ಷನ್ ಗೌರವ ಕೊಟ್ಟಿತು. 1984ರಲ್ಲಿ ತೀರಿಕೊಂಡರು. ಹಗಲು ಮಕ್ಕಳಿಗೆ ಮಾರ್ಚಿಂಗ್ ಟ್ಯೂನ್ ಹೇಳಿಕೊಟ್ಟು, ಉಳಿದ ಹೊತ್ತಿನಲ್ಲಿ ಅಷ್ಟು ತಣ್ಣನೆಯ, ತುಂಟತನದ ಸಂಗೀತ ನುಡಿಸುತ್ತಿದ್ದರು ಅನ್ನುವುದೇ ನನಗೆ ಖುಷಿ. ನಮ್ಮ ಶಾಲೆಯ ಬ್ಯಾಂಡ್ ಮೇಷ್ಟ್ರು ಸಂಜೆ ಏನು ನುಡಿಸುತ್ತಾರೆ ಎಂದು ನಾವು ಯಾರಾದರೂ ಕೇಳಿದ್ದೇವಾ?

ಇನ್ನೊಂದು ವಿಷಯ. ಬ್ಯಾಂಡ್‌ಮಾಸ್ಟರುಗಳು ಕೊಟ್ಟ ದೊಡ್ಡ ಆಸ್ತಿ ಸ್ವರಲಿಪಿ ಓದುವ ಶಕ್ತಿ. ಮಿಲಿಟರಿ ಮಾದರಿಯ ಶಿಕ್ಷಣ ಅದು, ಕಾಗದದಲ್ಲಿ ಬರೆದದ್ದನ್ನು ನೋಡಿದ ಕೂಡಲೇ ನುಡಿಸಬೇಕು. ವೆಸ್ಟ್ ಇಂಡಿಯಾ ರೆಜಿಮೆಂಟಿನ ಬ್ಯಾಂಡಿಗೆ, ಜಮೈಕಾ ಮಿಲಿಟರಿ ಬ್ಯಾಂಡಿಗೆ ಹುಡುಗರನ್ನು ಕಳುಹಿಸುವುದು ಶಾಲೆಯ ಬ್ಯಾಂಡಿನ ಒಂದು ಉದ್ದೇಶವಾಗಿತ್ತು. ಆ ಹುಡುಗನಿಗೆ ಸಂಬಳ, ಸಮವಸ್ತ್ರ, ಮೂರು ಹೊತ್ತಿನ ಊಟ ಸಿಗುತ್ತಿತ್ತು. ಕಿಂಗ್‌ಸ್ಟನ್ನಿನ ಡಾನ್ಸ್ ಆರ್ಕೆಸ್ಟ್ರಾಗಳಿಗೆ, ಉತ್ತರ ಕರಾವಳಿಯ ಪ್ರವಾಸಿ ಹೋಟೆಲುಗಳಿಗೆ ಬೇಕಾಗಿದ್ದದ್ದೂ ಓದಿ ನುಡಿಸುವವರೇ. 1963ರಲ್ಲಿ ಸ್ಟುಡಿಯೊ ಒನ್ ಕಂಪನಿಯ ಕಾಕ್ಸನ್ ಡಾಡ್ ಬ್ರೆಂಟ್‌ಫರ್ಡ್ ರೋಡಿನಲ್ಲಿ ಸ್ಟುಡಿಯೊ ತೆರೆದಾಗ ಹಾಡುಗಾರ, ವಾದಕರು ಎಲ್ಲ ಒಂದೇ ಕೋಣೆಯಲ್ಲಿ ನಿಂತು ಒಟ್ಟಿಗೆ ರೆಕಾರ್ಡ್ ಮಾಡಬೇಕಿತ್ತು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿಂದ. ಅಂಥ ಕಡೆ ತರಬೇತಾದ ಊದುಗಾರರಿಗೆ ಬೆಲೆ ಬಾರದೆ ಇರುತ್ತದೆಯೇ?

ಟರ್ನ್‌ಟೇಬಲ್ ತಮ್ಮಯ್ಯ

ಮೇಷ್ಟ್ರೇ, ನಿಮ್ಮ ಕೊನೆಯ ಪ್ಯಾರಾಗೆ ನೂರಕ್ಕೆ ನೂರು. ಆದರೆ ಅಲ್ಲೇ ನನ್ನ ಮಾತೂ ಇದೆ. ಬ್ಯಾಂಡಿನಲ್ಲಿ ಕಲಿಸುತ್ತಿದ್ದದ್ದು ಮಾರ್ಚು, ಚರ್ಚಿನ ಸಂಗೀತ, ಶಾಸ್ತ್ರೀಯ ತುಣುಕುಗಳು. ಅದನ್ನು ಅಚ್ಚುಕಟ್ಟಾಗಿ ಓದಿ ನುಡಿಸುವವನು ಒಳ್ಳೆಯ ಪೊಲೀಸ್ ಬ್ಯಾಂಡ್ ವಾದಕ ಆಗ್ತಾನೆ. ಡಾನ್ ಡ್ರಮಂಡ್ ಆಗೋದಿಲ್ಲ. ಡ್ರಮಂಡ್ ಆಗಬೇಕಾದರೆ ಆ ಹುಡುಗನ ಕಿವಿಗೆ ಜಾಝ್ ಬಿದ್ದಿರಬೇಕು, ಕ್ಯೂಬಾದ ಲಯ ಬಿದ್ದಿರಬೇಕು. ಅನಾಥಾಲಯದ ಹುಡುಗ ಜೇಬಲ್ಲಿ ಕಾಸಿಲ್ಲದೆ ಅದನ್ನು ಎಲ್ಲಿ ಕೇಳ್ತಾನೆ?

ಆ ಬಾಗಿಲು ತೆಗೆದವರು ಸಿಸ್ಟರ್. ಅವರ ಹತ್ತಿರ ದೊಡ್ಡ ರೆಕಾರ್ಡ್ ಸಂಗ್ರಹ ಇತ್ತು. ಜಾಝ್, ಬ್ಲೂಸ್, ಲ್ಯಾಟಿನ್, ಶಾಸ್ತ್ರೀಯ ಎಲ್ಲವೂ. ಮುಂದೆ ಶಾಲೆಗೆ 'ಮಟ್ ಆ್ಯಂಡ್ ಜೆಫ್' ಅನ್ನೋ ಸೌಂಡ್ ಸಿಸ್ಟಮ್ ಬಂತು, ಅಂದರೆ ಬೀದಿ ಡಾನ್ಸ್‌ಗಳಿಗೆ ಬಳಸುತ್ತಿದ್ದ ಆಂಪ್ಲಿಫೈಯರ್, ದೊಡ್ಡ ಸ್ಪೀಕರ್ ಪೆಟ್ಟಿಗೆ, ಟರ್ನ್‌ಟೇಬಲ್ಲಿನ ಸೆಟ್ಟು. ವಾರದ ಕೊನೆಗೆ ಅಂಗಳದಲ್ಲಿ ಅದನ್ನು ಹಚ್ಚಿ ರೆಕಾರ್ಡ್ ಹಾಕುತ್ತಿದ್ದವರು ಇವರೇ. ತಲೆ ಮೇಲೆ ಸಿಸ್ಟರ್ ಮುಸುಕು, ಕೈಯಲ್ಲಿ ಏಳಿಂಚಿನ ತಟ್ಟೆ. ಅಮೆರಿಕದ ಕಪ್ಪು ಜನರ ನಾಯಕ ಮಾಲ್ಕಮ್ ಎಕ್ಸ್ ಭಾಷಣದ ರೆಕಾರ್ಡೂ ಹಾಕುತ್ತಿದ್ದರು ಅಂತ ಹಳೆಯ ಹುಡುಗರು ಹೇಳಿದ್ದಾರೆ. ಹುಡುಗರ ಜೊತೆ ಕ್ರಿಕೆಟ್, ಫುಟ್‌ಬಾಲ್, ಡಾಮಿನೋಸ್ ಆಡ್ತಿದ್ದರು, ಬಾಕ್ಸಿಂಗ್ ಹೇಳಿಕೊಡ್ತಿದ್ದರು.

ಇನ್ನು ಮೆಕುಕ್ ಲೆಕ್ಕ. ಒಪ್ಪಿದೆ ಅನುಮಾನಿಗಳೇ, 1943ಕ್ಕೆ ಹಿಂದಿನದ್ದು ಡೆಲ್ಗಾಡೊ ಖಾತೆಗೆ ಹೋಗಲಿ. ಆಮೇಲಿನದ್ದು?

ತಬಲಾ ಬಡಿಗೇರ

ನಾ ಜಗಳಕ್ಕ ಬಂದಿಲ್ರಿ, ಲಯದ ಮಾತು ಆಡಾಕ ಬಂದೀನಿ. ಇಲ್ಲಿ ಎಲ್ಲಾರೂ ಸ್ಕಾ ಸ್ಕಾ ಅಂತೀರಿ, ಅದು ಹ್ಯಾಂಗ ನಡೀತೈತಿ ಅಂತ ಒಬ್ರೂ ಹೇಳವಲ್ರಿ.

ಎಂಟು ಮಾತ್ರೆ ಎಣಸ್ರಿ, ನಮ್ಮ ಕೆಹರವಾ ಇದ್ದಂಗ. 1, 3, 5, 7 ಇವು ಕಾಲು ತಟ್ಟೋ ಜಾಗಾ. ಡ್ರಮ್ಮಿನ ಜೋರು ಪೆಟ್ಟು 3ಕ್ಕ ಮತ್ತ 7ಕ್ಕ ಬೀಳತೈತಿ. ಗಿಟಾರು, ಪಿಯಾನೊ ಏನ ಮಾಡ್ತಾವ ಅಂದ್ರ 2, 4, 6, 8 ಇಷ್ಟಕ್ಕ ಮಾತ್ರ ಚಕ್ ಚಕ್ ಅಂತ ಹೊಡೀತಾವ. ನೀವು ಕಾಲು ಎತ್ತಿದಾಗ ಅವು ಬೀಳತಾವ. ಅದಕ್ಕ ಸ್ಕಾ ಕೇಳಿದ್ರ ಸುಮ್ನ ಕುಂದ್ರಾಕ ಆಗೂದಿಲ್ಲ, ಮಣಕಾಲು ತಾನಾಗೇ ಮ್ಯಾಲ ಬರ್ತಾವ. ಇದನ್ನ ನಿಧಾನ ಮಾಡಿದ್ರ ರಾಕ್‌ಸ್ಟೆಡಿ, ಇನ್ನೂ ನಿಧಾನ ಮಾಡಿ ಬೇಸ್ ಗಿಟಾರಿಗೆ ಯಜಮಾನ್ಕಿ ಕೊಟ್ರ ರೆಗ್ಗೆ ಅಂತ ದಪ್ಪಗ ಹೇಳಬಹುದು.

ಈಗ ಡ್ರಮಂಡ್ ಮಾಡಿದ್ದ ಕೇಳ್ರಿ. ಕೆಳಗ ಇಷ್ಟು ಕುಣಿಯೂ ಲಯ ಓಡತಿರತೈತಿ, ಮ್ಯಾಲ ಅಂವ ಟ್ರಂಬೋನಿನ್ಯಾಗ ಉದ್ದಕ ಎಳದ ದುಃಖದ ಸ್ವರ ಇಡತಾನ. 'ಮ್ಯಾನ್ ಇನ್ ದಿ ಸ್ಟ್ರೀಟ್' ಕೇಳ್ರಿ. ಅವಸರಾ ಇಲ್ಲ, ತೋರಿಕೀ ಇಲ್ಲ. ಒಂದ ಸ್ವರ ಹಿಡದ್ರ ಅದರ ಕಡೀತನಕಾ ಹೋಗಿ ಬರತಾನ. ಟ್ರಂಬೋನಿಗೆ ಗುಂಡಿ ಇರೂದಿಲ್ಲ, ಕೊಳವಿ ಹಿಂದ ಮುಂದ ಸರಿಸಿ ಸ್ವರ ಹಿಡೀಬೇಕು. ಹಂಗಾಗಿ ಸ್ವರದಿಂದ ಸ್ವರಕ್ಕ ಜಾರೂದು ಅದರ ಹುಟ್ಟುಗುಣ. ಮೀಂಡ್ ಕೇಳಿ ಬೆಳದ ನಮ್ಮ ಕಿವಿಗೆ ಅದು ಪರದೇಶದ ವಾದ್ಯ ಅನಸೂದ ಇಲ್ಲ.

ಕುಡ್ಲದ ಹುಡುಗಿ

ಬಡಿಗೇರರೇ ಚೆಂದ ಬರ್ದಿದ್ದೀರಿ. ಆದ್ರೆ ಡ್ರಮಂಡ್ ಹೆಸರು ಬಂದ ಕೂಡ್ಲೇ ಎಲ್ಲರೂ ಕಣ್ಣು ಮುಚ್ಚಿ ತಲೆ ಆಡಿಸುದು ನೋಡಿ ನಂಗೆ ಒಂದು ಹೆಸರು ಹೇಳ್ಲೇಬೇಕು ಅನಿಸ್ತದೆ. ಅನಿತಾ ಮಹ್‌ಫೂದ್, ಮಾರ್ಗರಿಟಾ ಅಂತ ವೇದಿಕೆಯ ಹೆಸರು. ರುಂಬಾ ನರ್ತಕಿ, ತಾನೇ ಹಾಡಿ ರೆಕಾರ್ಡ್ ಮಾಡಿದವಳು. 1965ರ ಜನವರಿ ಆರಂಭದಲ್ಲಿ ಅವಳನ್ನು ಇರಿದು ಕೊಂದದ್ದು ಡ್ರಮಂಡ್. ಅವನಿಗೆ ಮಾನಸಿಕ ಕಾಯಿಲೆ ಇತ್ತು, ಬೆಲ್‌ವ್ಯೂ ಆಸ್ಪತ್ರೆಗೆ ಹಾಕಿದ್ರು, 1969ರಲ್ಲಿ ಅಲ್ಲೇ ಸತ್ತ. ಸ್ಕಟಲೈಟ್ಸ್ 1965ರಲ್ಲೇ ಒಡೆದು ಹೋಯ್ತು. ಪ್ರತಿಭೆಯ ದುರಂತ ಅಂತ ಎಷ್ಟೋ ಕಡೆ ಬರೀತಾರೆ, ಅವಳ ದುರಂತ ಒಂದು ಸಾಲಲ್ಲಿ ಮುಗೀತದೆ ಮಾರಾಯ್ರೆ.

ಇನ್ನೊಂದು ಉಂಟು. ಆಲ್ಫಾ ಶುರುವಾದದ್ದೇ ಹುಡುಗಿಯರಿಗೆ ಅಂತ ಗೊತ್ತುಂಟಾ? 1880ರ ಮೇ 1ಕ್ಕೆ ಜೆಸ್ಸಿ ರಿಪೋಲ್ ಎಂಬ ಮಹಿಳೆ ಇಬ್ಬರು ಗೆಳತಿಯರ ಜೊತೆ ಸೇರಿ 'ಆಲ್ಫಾ ಕಾಟೇಜ್' ಅನ್ನುವ ಜಾಗ ತಕ್ಕೊಂಡು ಒಬ್ಬಳು ಅನಾಥ ಹುಡುಗಿಯನ್ನು ಇಟ್ಟುಕೊಂಡು ಆರಂಭಿಸಿದ್ದು. ಹುಡುಗರು ಬಂದದ್ದು ಆಮೇಲೆ. 1890ರಲ್ಲಿ ಲಂಡನ್ನಿನ ಬರ್ಮಂಡ್ಸಿಯಿಂದ ಸಿಸ್ಟರ್ಸ್ ಆಫ್ ಮರ್ಸಿ ಬಂದ್ರು. ಬ್ಯಾಂಡು ಮಾತ್ರ ಹುಡುಗರದ್ದೇ. ಕಟ್ಟಿದವರು ಹೆಂಗಸರು, ನಡೆಸಿದವರು ಹೆಂಗಸರು, ರೆಕಾರ್ಡ್ ಹಾಕಿದವಳು ಹೆಂಗಸು, ಊದ್ಲಿಕ್ಕೆ ಗಂಡು ಮಕ್ಕಳು. ಆ ಪಟ್ಟಿಯಲ್ಲಿ ಒಬ್ಬಳಾದ್ರೂ ಟ್ರಂಪೆಟ್ ಹುಡುಗಿ ಬೇಕಿತ್ತು ಅಂತ ಆಸೆ ಆಗುದು ತಪ್ಪಾ?

ಅನುಮಾನಿಯವರಿಗೆ: ಸಿಸ್ಟರುಗಳ ಕಾನ್ವೆಂಟಲ್ಲಿ ಓದಿದವಳು ನಾನು. ಒಂದು ಸಂಸ್ಥೆಯಲ್ಲಿ ಬ್ಯಾಂಡಿನ ಕೋಣೆಗೆ ಬೀಗ ಹಾಕ್ಬೇಕೋ ತೆಗೀಬೇಕೋ ಅಂತ ನಿರ್ಧಾರ ಮಾಡುದು ಯಾರು? ವಾದ್ಯ ಹಾಳಾದ್ರೆ ರಿಪೇರಿಗೆ ದುಡ್ಡು ಕೊಡುದು ಯಾರು? ಬ್ಯಾಂಡ್‌ಮಾಸ್ಟರ್ ಒಳ್ಳೆ ಜನ ಇರಬಹುದು, ಬೀಗದ ಕೈ ಇರುದು ಸಿಸ್ಟರ್ ಹತ್ರ.

ಅನುಮಾನಿ

ಬೀಗದ ಕೈಯ ಮಾತು ಒಪ್ಪಿದೆ. ಆದರೆ ಬೀಗ ಅಂದ ಮೇಲೆ ಇದನ್ನೂ ಹೇಳಿಬಿಡೋಣ. ಆಲ್ಫಾ ಸಂಗೀತ ಶಾಲೆ ಅಲ್ಲ, ಇಂಡಸ್ಟ್ರಿಯಲ್ ಸ್ಕೂಲ್. ತಂದೆ ತಾಯಿ ಇಲ್ಲದವರು, ಇದ್ದೂ ಸಾಕಲಾರದವರ ಮಕ್ಕಳು, ಶಾಲೆಗೆ ಚಕ್ಕರ್ ಹೊಡೆದವರು, ಕೋರ್ಟಿನಿಂದ ಕಳಿಸಲ್ಪಟ್ಟವರು. ಮುದ್ರಣ, ಬುಕ್ ಬೈಂಡಿಂಗ್, ಹೊಲಿಗೆ, ಚಪ್ಪಲಿ ಕೆಲಸ, ಮರಗೆಲಸ, ತೋಟ, ಇವೇ ಅಲ್ಲಿನ ಪಾಠ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಪ್ರಾರ್ಥನೆ. ಬ್ರಿಟಿಷರ ಕಾಲದ ಶಿಸ್ತು, ಎಲ್ಲರಿಗೂ ಹಿತವಾಗಿರಲಿಲ್ಲ. ಅಲ್ಲಿಂದ ಐವತ್ತು ಜನ ದೊಡ್ಡ ಸಂಗೀತಗಾರರು ಬಂದರು ಅನ್ನಿ, ದರ್ಜಿ ಆದವರು, ಏನೂ ಆಗದವರು ಎಷ್ಟು ಪಾಲು ಹೆಚ್ಚು? ಅವರಿಗೂ ಸಿಸ್ಟರ್ ಏನಾದರೂ ಆಗಿದ್ದರಾ ಅನ್ನೋದು ನನ್ನ ಪ್ರಶ್ನೆ. ಗೆದ್ದವರು ಮಾತ್ರ ಸಂದರ್ಶನ ಕೊಡ್ತಾರೆ.

ಎಗ್ಲಿಂಟನ್ ಕನ್ನಡಿಗ

ಟೊರೊಂಟೊದಿಂದ. ನಾನಿರೋ ಕಡೆ ಎಗ್ಲಿಂಟನ್ ವೆಸ್ಟ್ ಉದ್ದಕ್ಕೂ ಜಮೈಕಾದವರ ಅಂಗಡಿಗಳು, ಊರಿನವರೇ ಲಿಟಲ್ ಜಮೈಕಾ ಅಂತ ಕರೀತಾರೆ. ಕ್ಷೌರದ ಅಂಗಡಿ, ರೆಕಾರ್ಡ್ ಅಂಗಡಿ, ಪ್ಯಾಟಿ ಅಂಗಡಿ. ಅಲ್ಲಿ ಒಬ್ಬ ಹಿರಿಯರ ಹತ್ತಿರ ಆಲ್ಫಾ ಮಾತು ತೆಗೆದರೆ ಮೊದಲು ಬರೋದು ಸಂಗೀತ ಅಲ್ಲ. 'ನಿನ್ನನ್ನ ಆಲ್ಫಾಗೆ ಹಾಕ್ತೀನಿ' ಅಂತ ಅಮ್ಮ ಹೆದರಿಸ್ತಿದ್ದಳು ಅನ್ನೋ ನೆನಪು. ನಮ್ಮಲ್ಲಿ ಗುಮ್ಮ ಬರ್ತಾನೆ ಅಂತಾರಲ್ಲ, ಅಲ್ಲಿ ಶಾಲೆಯ ಹೆಸರೇ ಸಾಕಾಗಿತ್ತಂತೆ. ಹಾಗಾಗಿ ಅನುಮಾನಿಗಳ ಪ್ರಶ್ನೆ ಬರೀ ತಕರಾರಲ್ಲ.

ಇನ್ನೊಂದು ಸೇರಿಸ್ತೀನಿ. ಎಲ್ಲವನ್ನೂ ಆಲ್ಫಾ ಲೆಕ್ಕಕ್ಕೆ ಬರೀಬೇಡಿ. ಸ್ಕಟಲೈಟ್ಸ್‌ನ ಕೀಬೋರ್ಡ್ ವಾದಕ ಜಾಕಿ ಮಿಟ್ಟೂಗೆ ಪಿಯಾನೊ ಕಲಿಸಿದ್ದು ಅವನ ಅಜ್ಜಿ. ಸ್ಟುಡಿಯೊ ಒನ್‌ನ ಎಷ್ಟೋ ಧಾಟಿಗಳ ಹಿಂದೆ ಅವನ ಬೆರಳಿದೆ. ಮುಂದೆ ಅವನು ಇದೇ ಟೊರೊಂಟೊಗೆ ಬಂದು ನೆಲೆಸಿದ. ಅಜ್ಜಿಯ ಹೆಸರಲ್ಲಿ ಒಂದು ಚರ್ಚೆ ಯಾರೂ ತೆರೆಯಲ್ಲ, ಅದಿರಲಿ.

ಆದರೆ ಸೋತವರ ಪ್ರಶ್ನೆಗೆ ಒಂದು ಉತ್ತರ ಇದೆ ಅನಿಸುತ್ತೆ: ಯೆಲ್ಲೋಮನ್. 1956ರಲ್ಲಿ ಹುಟ್ಟಿದ ವಿನ್‌ಸ್ಟನ್ ಫಾಸ್ಟರ್. ಆಲ್ಬಿನೋ. ಮೈ ಬಿಳಿಚಿಕೊಂಡಿದೆ ಅಂತ ಜಮೈಕಾದಲ್ಲಿ ಎಲ್ಲರ ನಗೆಪಾಟಲಾಗಿದ್ದವನು. ಅನಾಥಾಲಯಗಳಲ್ಲಿ ಬೆಳೆದ, ಆಲ್ಫಾದಲ್ಲೂ ಇದ್ದ. ಹಿತ್ತಾಳೆ ವಾದ್ಯದವನಲ್ಲ, ಮೈಕ್ ಹಿಡಿದು ರೆಕಾರ್ಡಿನ ಮೇಲೆ ಮಾತು ಪೋಣಿಸುವವನು. 1980ರ ದಶಕದ ಆರಂಭಕ್ಕೆ ಇಡೀ ದ್ವೀಪದ ಅತಿ ದೊಡ್ಡ ಡಾನ್ಸ್‌ಹಾಲ್ ತಾರೆ ಅವನೇ, ಅಮೆರಿಕದ ದೊಡ್ಡ ಕಂಪನಿಯೊಂದು ಕರೆದು ಆಲ್ಬಂ ಮಾಡಿಸಿತು. ಸ್ವರಲಿಪಿ ಓದಿಸೋ ಬ್ಯಾಂಡ್ ರೂಮಿನಲ್ಲಿ ಅವನಿಗೆ ಜಾಗ ಇರಲಿಲ್ಲ. ಅಂಗಳದಲ್ಲಿ ಸೌಂಡ್ ಸಿಸ್ಟಮ್ ಇಟ್ಟು ಹಾಡು ಹಾಕುತ್ತಿದ್ದ ಶಾಲೆಯಲ್ಲಿ ಇತ್ತು. ತಮ್ಮಯ್ಯನವರ ವಾದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ?

ಸ್ಕ್ವೇರ್ ಕಟ್

ಸೌತ್ ಕ್ಯಾಂಪ್ ರೋಡ್ ಅಂದ್ರಲ್ಲ, ಕ್ರಿಕೆಟ್ ನೋಡುವವರಿಗೆ ಆ ರಸ್ತೆ ಗೊತ್ತು. ಸಬೀನಾ ಪಾರ್ಕ್ ಇರೋದೂ ಅಲ್ಲೇ. 1976ರಲ್ಲಿ ನಮ್ಮ ವಿಶಿ ಬೆರಳು ಮುರಿದುಕೊಂಡಿದ್ದು, ಬ್ರಿಜೇಶ್ ಪಟೇಲ್ ಬಾಯಿಗೆ ಚೆಂಡು ಬಿದ್ದು ಹೊರಗೆ ನಡೆದಿದ್ದು, ಬೇಡಿ ಆರು ವಿಕೆಟ್ಟಿಗೆ 306 ಅಂತ ಡಿಕ್ಲೇರ್ ಮಾಡಿದ್ದು, ಎರಡನೇ ಇನಿಂಗ್ಸಿನಲ್ಲಿ ಐದು ಜನ ಗಾಯಾಳುಗಳಾಗಿ ಬ್ಯಾಟಿಂಗಿಗೇ ಬರದೆ 97ಕ್ಕೆ ಮುಗಿದಿದ್ದು, ಎಲ್ಲ ಅದೇ ರಸ್ತೆ. 2006ರಲ್ಲಿ ದ್ರಾವಿಡ್ 81 ಮತ್ತು 68 ಹೊಡೆದು, ಕುಂಬ್ಳೆ ಆರು ವಿಕೆಟ್ ತೆಗೆದು ಸರಣಿ ಗೆಲ್ಲಿಸಿದ್ದೂ ಅಲ್ಲೇ. ಸಿಸ್ಟರ್ ಕ್ರಿಕೆಟ್ ಆಡ್ತಿದ್ದರು ಅಂದ ಮೇಲೆ ಹೋಲ್ಡಿಂಗ್ ಬೌಲಿಂಗ್ ಬಗ್ಗೆ ಅವರಿಗೂ ಒಂದು ಅಭಿಪ್ರಾಯ ಇದ್ದೇ ಇರುತ್ತೆ. ಸಂಗೀತ ಗೊತ್ತಿಲ್ಲ, ಇಷ್ಟೇ ಹೇಳೋಕೆ ಬಂದೆ.

ಟರ್ನ್‌ಟೇಬಲ್ ತಮ್ಮಯ್ಯ

ಸ್ಕ್ವೇರ್ ಕಟ್, 1976ರ ಗಾಯ ನಮ್ಮಪ್ಪನಿಗೆ ಇನ್ನೂ ಮಾಸಿಲ್ಲ, ಇಲ್ಲಿ ಕೆದಕಬೇಡಿ.

ಎಗ್ಲಿಂಟನ್, ಯೆಲ್ಲೋಮನ್ ವಿಷಯ ನನಗೆ ಹೊಳೆದಿರಲಿಲ್ಲ, ಒಳ್ಳೆ ಎಳೆ ಹಿಡಿದಿದ್ದೀರಿ. ಅದಕ್ಕೆ ಜೋಡಿಯಾಗಿ ರಿಕೊ ರೊಡ್ರಿಗಸ್‌ನನ್ನೂ ನೋಡಿ. 1934ರಲ್ಲಿ ಹವಾನಾದಲ್ಲಿ ಹುಟ್ಟಿ ಕಿಂಗ್‌ಸ್ಟನ್ನಿನಲ್ಲಿ ಬೆಳೆದವನು. ಅವನಿಗೆ ಟ್ರಂಬೋನ್ ಹೇಳಿಕೊಟ್ಟವನು ಬ್ಯಾಂಡ್‌ಮಾಸ್ಟರ್ ಒಬ್ಬನೇ ಅಲ್ಲ, ಅವನಿಗಿಂತ ಸ್ವಲ್ಪ ದೊಡ್ಡವನಾಗಿದ್ದ ಡ್ರಮಂಡ್. ಹಿರಿಯ ಹುಡುಗ ಕಿರಿಯನಿಗೆ ಕಲಿಸೋದು ಅಲ್ಲಿನ ವಾಡಿಕೆ. ಮುಂದೆ ಟ್ರಂಬೋನಿನ ವಿನ್ ಗಾರ್ಡನ್ ಬಂದಾಗ ಕಾಕ್ಸನ್ ಡಾಡ್ ಅವನಿಗೆ 'ಡಾನ್ ಡ್ರಮಂಡ್ ಜೂನಿಯರ್' ಅಂತಲೇ ಹೆಸರಿಟ್ಟ. ರಿಕೊ ವರೈಕಾ ಬೆಟ್ಟದಲ್ಲಿ ಕೌಂಟ್ ಆಸಿ ಎಂಬ ರಾಸ್ತಾ (ಜಮೈಕಾದ ರಾಸ್ತಾಫಾರಿ ಧರ್ಮಪಂಥದ) ಡ್ರಮ್ ಗುರುವಿನ ಜೊತೆ ಇದ್ದು, 1961ರಲ್ಲಿ ಇಂಗ್ಲೆಂಡಿಗೆ ಹೋದ. ಅಲ್ಲಿ ಎಷ್ಟೋ ವರ್ಷದ ಮೇಲೆ ದಿ ಸ್ಪೆಷಲ್ಸ್ ತಂಡದ ಎಳೆ ಹುಡುಗರು ಅವನನ್ನು ಹುಡುಕಿ ಕರೆದರು. 2007ರಲ್ಲಿ ರಾಣಿಯ ಗೌರವ ಬಂತು, 2015ರಲ್ಲಿ ತೀರಿಕೊಂಡ.

ರಾಸ್ತಾ ವಿಷಯ ಬಂತಲ್ಲ. ಆಗಿನ ಜಮೈಕಾದಲ್ಲಿ ಗಡ್ಡ ಜಡೆ ಬಿಟ್ಟವರನ್ನು ಪೊಲೀಸರು ಅಟ್ಟಾಡಿಸುತ್ತಿದ್ದರು, ಮರ್ಯಾದಸ್ಥರ ಮನೆಗಳಲ್ಲಿ ಹತ್ತಿರ ಸೇರಿಸುತ್ತಿರಲಿಲ್ಲ. ಕ್ಯಾಥೊಲಿಕ್ ಮಠದಲ್ಲಿ ಬೆಳೆದ ಹುಡುಗರು ಒಬ್ಬೊಬ್ಬರಾಗಿ ಆ ದಾರಿ ಹಿಡಿದರು. ಸೆಡ್ರಿಕ್ ಬ್ರೂಕ್ಸ್ ಕೌಂಟ್ ಆಸಿಯ ಜೊತೆ ಸೇರಿಯೇ ದೊಡ್ಡ ಕೆಲಸ ಮಾಡಿದ. ಹಾಗಿದ್ದೂ ಹಳೆಯ ಹುಡುಗರು ಸಿಸ್ಟರ್ ಬಗ್ಗೆ ಮಾತಾಡುವ ಧಾಟಿ ಮಗ ತಾಯಿ ಬಗ್ಗೆ ಮಾತಾಡುವ ಹಾಗೇ ಇದೆ. ಧರ್ಮ ಬಿಟ್ಟವನನ್ನೂ ಅವರು ಬಿಡಲಿಲ್ಲ ಅಂತ ನಾನು ಓದಿಕೊಳ್ತೀನಿ.

ತಬಲಾ ಬಡಿಗೇರ

ಜೋ ಹ್ಯಾರಿಯಟ್ ಹೆಸರು ತಮ್ಮಯ್ಯನವರು ಹೇಳಿ ಹಂಗ ಬಿಟ್ಟಾರ. ಅದರಾಗ ನಮ್ಮ ಕಡೀದು ಒಂದ ಎಳಿ ಐತ್ರಿ.

ಹ್ಯಾರಿಯಟ್ ಆಲ್ಫಾದಾಗ ಕಲತು 1951ರಾಗ ಲಂಡನ್ನಿಗೆ ಹೋದ. ಆಲ್ಟೊ ಸ್ಯಾಕ್ಸು. ಅಲ್ಲಿ ಕಲ್ಕತ್ತಾದಾಗ ಹುಟ್ಟಿದ ಜಾನ್ ಮೇಯರ್ ಅನ್ನೂ ಪಿಟೀಲು ವಾದಕ, ರಚನಾಕಾರ ಭೆಟ್ಟಿ ಆದ. ಇಬ್ಬರೂ ಕೂಡಿ 'ಇಂಡೊ-ಜಾಝ್ ಸ್ವೀಟ್' ಅಂತ 1966ರಾಗ ಮಾಡಿದ್ರು, ಮರುವರ್ಷ 'ಇಂಡೊ-ಜಾಝ್ ಫ್ಯೂಷನ್ಸ್'. ಅರ್ಧ ಮಂದಿ ಜಾಝ್‌ನವರು, ಅರ್ಧ ಮಂದಿ ಹಿಂದುಸ್ತಾನಿ ಕಡಿಯವರು. ಸಿತಾರಕ್ಕ ದಿವಾನ್ ಮೋತಿಹಾರ್, ತಬಲಾಕ್ಕ ಕೇಶವ ಸಾಠೆ, ತಂಬೂರಿಗೆ ಚಂದ್ರಹಾಸ ಪೈಗಣಕರ್. ಕೇಶವ ಸಾಠೆಯವರ ಬಾಯಾ, ಅಂದ್ರ ತಬಲಾದ ಎಡಗೈ ಡಗ್ಗಾ, ಅದರ ಸಲುವಾಗೇ ನಾ ಅದನ್ನ ಕೇಳಾಕ ಹತ್ತಿದ್ದು. ಸ್ಯಾಕ್ಸ್ ಯಾರದು ಅಂತ ಆಮ್ಯಾಲ ನೋಡಿದೆ, ಅಲ್ಲಿಂದ ಆಲ್ಫಾಕ್ಕ ಬಂದೆ.

ಎಲ್ಲಾ ಕಡೆ ಸರಿ ಕೂಡೈತಿ ಅನ್ನಂಗಿಲ್ಲ. ಕೆಲವು ಕಡೆ ರಾಗ ಒಂದ ದಾರಿ, ಜಾಝ್ ಒಂದ ದಾರಿ, ನಡುವ ತಂಬೂರಿ ಒಂದ ಇಬ್ಬರನೂ ಹಿಡಕೊಂಡ ನಿಂತೈತಿ. ಆದ್ರ ಹ್ಯಾರಿಯಟ್ ನುಗ್ಗೂ ಕಡೆ ಒಂದು ಧೈರ್ಯ ಐತಿ. ಬರದ ಕಾಗದ ಬಿಟ್ಟು ಹೊಂಟ ಮನಶ್ಯಾ, 1960ರ ಸುಮಾರಿಗೇ 'ಫ್ರೀ ಫಾರ್ಮ್' ಅಂತ ತಂದ ಬ್ಯಾರೆ ಹಾದಿ ಮಾಡಿದ್ದ. ಕಡೀಗೆ ರೊಕ್ಕಿಲ್ದ, ಮೈಯಾಗ ಕ್ಯಾನ್ಸರ್ ಹೊತ್ತು 1973ರ ಜನವರಿಯಾಗ ಇಂಗ್ಲೆಂಡಿನ್ಯಾಗ ತೀರಿದ. ವಯಸ್ಸು 44.

ಮೇಷ್ಟ್ರು, ನಿವೃತ್ತ

ಬಡಿಗೇರರ ಈ ಒಂದು ಪೋಸ್ಟಿಗಾಗಿ ಚರ್ಚೆ ಸಾರ್ಥಕ.

ನನಗೆ ಒಂದು ಸಂದೇಹ ಉಳಿದಿದೆ, ಸಿಸ್ಟರ್ ಪರವಾಗಿಯೇ ಹೇಳುತ್ತೇನೆ. ಬ್ಯಾಂಡ್‌ಮಾಸ್ಟರುಗಳು ಬದಲಾದರು. ಡೆಲ್ಗಾಡೊ ಹೋದರು, ಹಿಬರ್ಟ್ ಬಂದರು, ಹೋದರು, ಆಮೇಲೆ ವಿನ್‌ಸ್ಟನ್ 'ಸ್ಪ್ಯಾರೊ' ಮಾರ್ಟಿನ್, ಅವರೂ ಅದೇ ಶಾಲೆಯ ಹಳೆಯ ವಿದ್ಯಾರ್ಥಿ, ಡ್ರಮ್ ವಾದಕರು. ಶಾಲೆಯಲ್ಲಿ ಕಲಿತವನು ಹೊರಗೆ ಹೋಗಿ ನುಡಿಸಿ ಮತ್ತೆ ಅಲ್ಲಿಗೇ ಬಂದು ಕಲಿಸುವಂತಾಗಬೇಕಾದರೆ ಅವನನ್ನು ನೆನಪಿಟ್ಟುಕೊಂಡವರು ಒಬ್ಬರಾದರೂ ಒಳಗೆ ಇರಬೇಕು. ಹೊಸ ಹೆಡ್ ಮಾಸ್ಟರ್ ಬಂದ ಕೂಡಲೇ ಹಳೆಯ ಹಾರ್ಮೋನಿಯಂ ಸ್ಟೋರ್ ರೂಮಿಗೆ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಲ್ಫಾದಲ್ಲಿ ಹಾಗಾಗದಂತೆ ಕಾದದ್ದು ಅರವತ್ತು ವರ್ಷ ಜಾಗ ಬಿಟ್ಟು ಕದಲದ ಒಬ್ಬರು. ಅನುಮಾನಿಯವರೇ, ಸ್ಕೇಲ್ ಕಲಿಸಿದ್ದು ಡೆಲ್ಗಾಡೊ, ಒಪ್ಪೋಣ. ಸ್ಕೇಲ್ ಕಲಿತವನು ಎಲ್ಲಿ ಹೋದ ಎಂದು ವಿಚಾರಿಸಿದ್ದು?

ಕುಡ್ಲದ ಹುಡುಗಿ

ಈಗ ಶಾಲೆ ಉಂಟಾ? ಬ್ಯಾಂಡು ಉಂಟಾ?

ಎಗ್ಲಿಂಟನ್ ಕನ್ನಡಿಗ

ಉಂಟು, ಬೇರೆ ರೂಪದಲ್ಲಿ. 2014ರಲ್ಲಿ ಹಾಸ್ಟೆಲ್ ಮುಚ್ಚಿದರು. ಈಗ ಆಲ್ಫಾ ಇನ್‌ಸ್ಟಿಟ್ಯೂಟ್ ಅಂತ ಹೆಸರು, ಹುಡುಗರು ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗ್ತಾರೆ. ಸಂಗೀತದ ಜೊತೆ ಸ್ಕ್ರೀನ್ ಪ್ರಿಂಟಿಂಗ್, ಮರಗೆಲಸ ಕಲಿಸ್ತಾರೆ. ಹುಡುಗರು ಪ್ರಿಂಟ್ ಮಾಡಿದ ಟೀ ಶರ್ಟ್ ಮಾರ್ತಾರೆ, ಹಳೆಯ ವಿದ್ಯಾರ್ಥಿಗಳ ಸಂಗೀತ ಹಾಕೋಕೆ ಇಂಟರ್ನೆಟ್ ರೇಡಿಯೊ ನಡೆಸಿದ್ದಾರೆ. ಯುನೆಸ್ಕೊ 2015ರಲ್ಲಿ ಕಿಂಗ್‌ಸ್ಟನ್ನನ್ನು ಸಂಗೀತದ ನಗರ ಅಂತ ಪಟ್ಟಿಗೆ ಸೇರಿಸಿತು, 2018ರಲ್ಲಿ ರೆಗ್ಗೆಯನ್ನು ಪರಂಪರೆಯ ಪಟ್ಟಿಗೆ. ಅದರಿಂದ ಒಬ್ಬ ಹುಡುಗನಿಗೆ ಹೊಸ ಟ್ರಂಬೋನ್ ಸಿಕ್ಕರೆ ಸಂತೋಷ.

ಸ್ಕ್ವೇರ್ ಕಟ್

ಇಷ್ಟೆಲ್ಲ ಓದಿದ ಮೇಲೆ ಕೇಳಬೇಕು ಅನಿಸ್ತಿದೆ. ಏನೂ ಗೊತ್ತಿಲ್ಲದವನು ಎಲ್ಲಿಂದ ಶುರು ಮಾಡೋದು?

ಟರ್ನ್‌ಟೇಬಲ್ ತಮ್ಮಯ್ಯ

ವೇಲರ್ಸ್ ಹಾಡಿದ 'ಸಿಮ್ಮರ್ ಡೌನ್' ಮೊದಲು. ಮಾರ್ಲಿಯ ಎಳೆ ದನಿ ಮುಂದೆ, ಹಿಂದೆ ನಮ್ಮ ಸ್ಕಟಲೈಟ್ಸ್. ಹಾಡು ಬಿಟ್ಟು ಊದುಗಾರರನ್ನೇ ಕೇಳಿ. ಆಮೇಲೆ ಬಡಿಗೇರರು ಹೇಳಿದ 'ಮ್ಯಾನ್ ಇನ್ ದಿ ಸ್ಟ್ರೀಟ್'. ಹಿಬರ್ಟ್‌ನ 'ಕ್ರಿಯೇಷನ್' ಊಟ ಆದ ಮೇಲೆ, ಫ್ಯಾನ್ ಹಾಕಿಕೊಂಡು. ರಿಕೊನ 'ಮ್ಯಾನ್ ಫ್ರಂ ವರೈಕಾ' ಮಾತ್ರ ಫೋನಿನ ಸ್ಪೀಕರಲ್ಲಿ ಹಾಕಬೇಡಿ, ಬೇಸ್ ಕೇಳಿಸೋದೇ ಇಲ್ಲ. ಇಯರ್‌ಫೋನಾದರೂ ಹಾಕ್ಕೊಳ್ಳಿ.

ಅನುಮಾನಿ

'ಕ್ರಿಯೇಷನ್' ಕೇಳಿ ಬಂದೆ. ಎರಡು ಸಲ. ನನ್ನ ವೋಟು ಈಗಲೂ ಬ್ಯಾಂಡ್‌ಮಾಸ್ಟರ್ ಪಕ್ಷಕ್ಕೇ, ಆದರೆ ಡೆಲ್ಗಾಡೊನಿಂದ ಹಿಬರ್ಟ್‌ಗೆ ವರ್ಗಾಯಿಸಿದ್ದೀನಿ. ಸಿಸ್ಟರ್‌ಗೆ ಬೀಗದ ಕೈ ಮತ್ತು ಹಾಜರಿ ಪುಸ್ತಕ ಕೊಡಲು ಅಡ್ಡಿಯಿಲ್ಲ. ಗುರು ಅನ್ನೋ ಪಟ್ಟ ಇನ್ನೂ ಕೊಟ್ಟಿಲ್ಲ.

ಮೇಷ್ಟ್ರು, ನಿವೃತ್ತ

ಹಿಬರ್ಟ್‌ಗೆ ಬೇರೆ ಚರ್ಚೆ ತೆರೆಯಿರಿ ತಮ್ಮಯ್ಯ. ಮೊದಲ ಪೋಸ್ಟ್ ನಾನು ಹಾಕುತ್ತೇನೆ. ಬಡಿಗೇರರು ವೈಬ್ರಫೋನಿನ ಲಯದ ಬಗ್ಗೆ ಬರೆಯುವುದಾದರೆ ಮಾತ್ರ.

ತಬಲಾ ಬಡಿಗೇರ

ಬರೀತೀನ್ರಿ. ಅನುಮಾನಿ ನಡುವ ಬಾಯಿ ಹಾಕಬಾರದು.